ಗಾಲ್ಫ್ ಗಾಡಿ ಏರು ಹತ್ತದಿದ್ದಾಗ: ಮೀಟರ್ ಹಿಡಿದು ದೋಷ ಹುಡುಕುವ ಬಗೆ

ಲಾಲ್‌ಬಾಗಿನಲ್ಲಿ, ಮೈಸೂರಿನ ಮೃಗಾಲಯದಲ್ಲಿ, ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ದಾರಿಯಲ್ಲಿ ಸದ್ದಿಲ್ಲದೆ ಓಡಾಡುವ ಬ್ಯಾಟರಿ ಗಾಡಿಗಳನ್ನು ನೀವು ನೋಡಿರುತ್ತೀರಿ. ಗಾಲ್ಫ್ ಮೈದಾನಕ್ಕೆಂದು ಹುಟ್ಟಿದ ಈ ಗಾಡಿ ನಮ್ಮಲ್ಲಿ ಗಾಲ್ಫ್ ಕೋಲುಗಳನ್ನು ಹೊತ್ತದ್ದಕ್ಕಿಂತ ಅಜ್ಜ ಅಜ್ಜಿಯರನ್ನೂ ಸೂಟ್‌ಕೇಸುಗಳನ್ನೂ ಹೊತ್ತದ್ದೇ ಹೆಚ್ಚು. ಮಲೆನಾಡಿನ ಒಂದು ರೆಸಾರ್ಟಿನಲ್ಲಿ ಇಂಥ ಹನ್ನೊಂದು ಗಾಡಿಗಳ ಆರೈಕೆ ನನ್ನ ಪಾಲಿಗಿದೆ. ಏರು, ಇಳಿಜಾರು, ಕೆಂಪು ಕೆಸರು, ನಾಲ್ಕು ತಿಂಗಳ ಮಳೆ. ಗಾಡಿ ಕೆಡುವುದಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ ಜಾಗ ಬೇಕಿಲ್ಲ.

ಗಾಡಿ ನಿಂತರೆ ಎಲ್ಲರ ಬೆರಳೂ ಮೊದಲು ಹೋಗುವುದು ಕಂಟ್ರೋಲರ್ ಕಡೆಗೆ, ಅಂದರೆ ಮೋಟರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಪೆಟ್ಟಿಗೆಯ ಕಡೆಗೆ. ಅದು ದುಬಾರಿ, ಒಳಗೇನಿದೆ ಎಂದು ಕಾಣುವುದಿಲ್ಲ, ಆದ್ದರಿಂದ ತಪ್ಪು ಹೊರಿಸುವುದು ಸುಲಭ. ನನ್ನ ಅನುಭವದಲ್ಲಿ ಕಂಟ್ರೋಲರ್ ನಿಜವಾಗಿ ಸತ್ತದ್ದು ಬೆರಳೆಣಿಕೆಯಷ್ಟು ಸಲ. ಉಳಿದಂತೆ ಒಂದು ಸಡಿಲ ನಟ್ಟು, ಬ್ಯಾಟರಿಯೊಳಗಿನ ಒಂದು ಸೋತ ಸೆಲ್, ತುಕ್ಕು ಹಿಡಿದ ಒಂದು ಬ್ರೇಕ್ ಕೇಬಲ್. ಇವನ್ನು ಕಂಡುಹಿಡಿಯಲು 500 ರೂಪಾಯಿಯ ಮಲ್ಟಿಮೀಟರ್ ಸಾಕು. ಆದರೆ ಅದನ್ನು ಗಾಡಿ ನಿಂತಿರುವಾಗ ಮಾತ್ರ ಹಿಡಿದರೆ ಅದು ಸುಳ್ಳು ಹೇಳುತ್ತದೆ.

ಕೈ ಹಾಕುವ ಮೊದಲು

ಉಂಗುರ, ಕಡಗ, ಗಡಿಯಾರ ತೆಗೆದಿಡಿ. 48 ವೋಲ್ಟ್ ಮೈಗೆ ಹೊಡೆಯುವುದು ಅಪರೂಪ. ಆದರೆ ಎರಡು ಟರ್ಮಿನಲ್‌ಗಳ ನಡುವೆ ಸಿಕ್ಕ ಉಂಗುರ ಕ್ಷಣದಲ್ಲಿ ಕೆಂಡವಾಗುತ್ತದೆ. ಸ್ಪಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿಕೊಳ್ಳಿ. ಸೀಟಿನ ಕೆಳಗೆ ರನ್–ಟೋ ಸ್ವಿಚ್ (ರನ್ ಓಡಿಸಲು, ಟೋ ತಳ್ಳಲು ಅಥವಾ ಎಳೆಯಲು) ಇದ್ದರೆ ಟೋ ಕಡೆಗೆ ಹಾಕಿ, ಆಮೇಲೆ ಬ್ಯಾಟರಿಯ ಮುಖ್ಯ ನೆಗೆಟಿವ್ ಕೇಬಲ್ ಬಿಚ್ಚಿ. ಕಂಟ್ರೋಲರಿನ ಒಳಗೆ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರುಗಳು ಖಾಲಿಯಾಗಲು ಸ್ವಲ್ಪ ಸಮಯ ಕೊಡಿ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ಬೀಡಿ ಹಚ್ಚುವವರನ್ನು ಗದರಿಸಿ ಕಳುಹಿಸಿ. ಆ್ಯಸಿಡ್ ಕೈಗೆ ತಾಗಿದರೆ ನೀರು, ಇನ್ನಷ್ಟು ನೀರು. ನೆಲಕ್ಕೆ ಚೆಲ್ಲಿದ್ದರೆ ಅಡುಗೆ ಸೋಡಾ ಉದುರಿಸಿ ತೊಳೆಯಿರಿ.

ಹಿಂದಿನ ಚಕ್ರ ಎತ್ತಿ ಪರೀಕ್ಷಿಸುವಾಗ ಒಂದು ಎಚ್ಚರ. ಹಳೆಯ ಗಾಡಿಗಳ ಸೀರೀಸ್ ಮೋಟರಿಗೆ ಲೋಡ್ ಇಲ್ಲದಿದ್ದರೆ ವೇಗಕ್ಕೆ ಕಡಿವಾಣವಿಲ್ಲ. ಪೆಡಲ್ ಪೂರ್ತಿ ತುಳಿದು ಹಿಡಿದರೆ ಮೋಟರಿನ ಒಳಭಾಗವೇ ಚದುರಿಹೋಗಬಹುದು. ಅಂಥದ್ದರಲ್ಲಿ ಪೆಡಲನ್ನು ಮೆಲ್ಲನೆ, ಚೂರೇ ಒತ್ತಿ ಬಿಡಿ.

ಮೀಟರಿಗಿಂತ ಮೊದಲು ಚಾಲಕರು

ಗಾಡಿಯನ್ನು ದಿನವೂ ಓಡಿಸುವವರಿಗೆ ತಿಳಿದಷ್ಟು ನಮಗೆ ತಿಳಿಯುವುದಿಲ್ಲ. ಒಮ್ಮೆಲೇ ನಿಂತಿತೋ, ಸೊರಗುತ್ತ ಬಂದು ನಿಂತಿತೋ? ಬೆಳಗಿನ ಮೊದಲ ಸುತ್ತಿನಲ್ಲೋ, ಮಧ್ಯಾಹ್ನದ ಮೇಲೋ? ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆಯೇ? ಹಿಂದಿನ ದಿನ ಗಾಡಿ ತೊಳೆದಿದ್ದರೇ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಒಮ್ಮೆಲೇ ನಿಂತದ್ದು ಸಾಮಾನ್ಯವಾಗಿ ಸ್ವಿಚ್ಚಿನ, ವೈರಿನ, ಫ್ಯೂಸಿನ ಕಥೆ. ಸೊರಗಿ ನಿಂತದ್ದು ಬ್ಯಾಟರಿಯದ್ದು ಅಥವಾ ಬ್ರೇಕಿನದ್ದು.

ನಮ್ಮಲ್ಲಿ ಒಬ್ಬ ಹಿರಿಯ ಚಾಲಕರಿದ್ದಾರೆ, ತಮ್ಮ ಗಾಡಿಯನ್ನು ಹೆಣ್ಣುಮಗಳ ಹಾಗೆಯೇ ಕರೆಯುವವರು. ಹೋದ ವರ್ಷ ಬಂದು, “ಸರ್, ಇವಳು ಬೆಳಗ್ಗೆ ಚೆನ್ನಾಗಿಯೇ ಇರುತ್ತಾಳೆ, ಮೂರು ಗಂಟೆಯ ಮೇಲೆ ಕಾಟೇಜಿನ ಏರಿನಲ್ಲಿ ಮುನಿಸಿಕೊಳ್ಳುತ್ತಾಳೆ” ಎಂದರು. ಆರು ಸೀಟಿನ ಗಾಡಿ, 12 ವೋಲ್ಟಿನ ನಾಲ್ಕು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದ 48 ವೋಲ್ಟಿನದ್ದು. ನಿಂತಲ್ಲೇ ಅಳೆದೆ: 12.6, 12.6, 12.6, 12.3. ಒಟ್ಟು 50.1. ಇಷ್ಟನ್ನೇ ನೋಡಿದರೆ ಬ್ಯಾಟರಿಗೆ ಶಹಭಾಸ್ ಎನ್ನಬೇಕು.

ಆಮೇಲೆ ಮೀಟರಿನ ತಂತಿಗಳಿಗೆ ಕ್ಲಿಪ್ ಹಾಕಿ, ನಾಲ್ವರನ್ನು ಕೂರಿಸಿಕೊಂಡು ಅದೇ ಏರಿಗೆ ಹೋದೆವು. ಏರಿನ ನಡುವೆ ಒಂದೊಂದೇ ಬ್ಯಾಟರಿಯ ಅಂಕಿ ನೋಡುತ್ತ ನಾಲ್ಕು ಸಲ ಹತ್ತಿಸಿದೆವು. 11.7, 11.6, 11.7. ನಾಲ್ಕನೆಯದು 8.4. ಒಟ್ಟು 43.4ಕ್ಕೆ ಕುಸಿದಿತ್ತು. ಏರು ಮುಗಿದು ಗಾಡಿ ನಿಂತ ಎರಡೇ ನಿಮಿಷಕ್ಕೆ ಆ ಬ್ಯಾಟರಿ ಮತ್ತೆ ಏನೂ ಆಗದಂತೆ 12ರ ಮೇಲೆ ಬಂದು ಕೂತಿತು.

ಇನ್ನೂ ವಿಚಿತ್ರವೆಂದರೆ ಆ ಜಾಗದ ಬ್ಯಾಟರಿ ಅದಾಗಲೇ ಒಮ್ಮೆ ಬದಲಾಗಿತ್ತು. ಒಂದೇ ಜಾಗದಲ್ಲಿ ಎರಡು ಬ್ಯಾಟರಿ ಸತ್ತರೆ ತಪ್ಪು ಬ್ಯಾಟರಿಯದ್ದಲ್ಲ, ಜಾಗದ್ದು. ಕೆಳಗೆ ಬಗ್ಗಿ ಟಾರ್ಚ್ ಬಿಟ್ಟೆ. ಆ ಬ್ಯಾಟರಿಯ ಎರಡು ಟರ್ಮಿನಲ್‌ಗಳಿಂದ ಸಣ್ಣ ಜೋಡಿ ವೈರ್ ಹೊರಟು ಡ್ಯಾಶ್‌ಬೋರ್ಡಿನ ಹಾಡಿನ ಪೆಟ್ಟಿಗೆಗೂ ಬಣ್ಣದ ದೀಪಗಳಿಗೂ ಹೋಗಿತ್ತು. ಯಾರೋ ಪುಣ್ಯಾತ್ಮರು 12 ವೋಲ್ಟ್ ಸುಲಭವಾಗಿ ಸಿಗುವಲ್ಲಿಂದ ಎಳೆದುಕೊಂಡಿದ್ದರು. ಚಾರ್ಜರಿಗೆ ಕಾಣುವುದು ನಾಲ್ಕೂ ಸೇರಿದ ಒಟ್ಟು ವೋಲ್ಟೇಜ್ ಮಾತ್ರ. ಮೂರು ತುಂಬಿದೊಡನೆ ಅದು ಕೆಲಸ ಮುಗಿಯಿತೆಂದು ನಿಲ್ಲಿಸುತ್ತದೆ, ನಾಲ್ಕನೆಯದು ಪ್ರತಿ ರಾತ್ರಿ ಅರೆಹೊಟ್ಟೆಯಲ್ಲೇ ಮಲಗುತ್ತದೆ. ಹಾಗೆ ಹಲವು ತಿಂಗಳು ಕಳೆದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ದೀಪಗಳಿಗೆ 48ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿದೆವು. ಹೆಚ್ಚು ಬೆಲೆಯದ್ದಲ್ಲ ಅದು. ಅದನ್ನು ಮೊದಲೇ ಹಾಕಿದ್ದರೆ ಎರಡು ಬ್ಯಾಟರಿ ಉಳಿಯುತ್ತಿತ್ತು.

ಬ್ಯಾಟರಿಯ ಅಂಕಿಗಳು

ಲೆಡ್ ಆ್ಯಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ, ಕೆಲವು ಗಂಟೆ ಸುಮ್ಮನಿದ್ದ ಮೇಲೆ 12 ವೋಲ್ಟಿನದ್ದು ಸುಮಾರು 12.7 ತೋರಬೇಕು. 8 ವೋಲ್ಟಿನದ್ದು 8.5ರ ಹತ್ತಿರ, 6 ವೋಲ್ಟಿನದ್ದು 6.3ರ ಮೇಲೆ. 48 ವೋಲ್ಟಿನ ಸೆಟ್ಟಿಗೆ 50.9ರ ಆಸುಪಾಸು. ಚಾರ್ಜರ್ ಕಿತ್ತ ತಕ್ಷಣ ಅಳೆದರೆ ಇದಕ್ಕಿಂತ ಹೆಚ್ಚು ಕಾಣುತ್ತದೆ, ಅದನ್ನು ನಂಬಬೇಡಿ. ಏರಿನಲ್ಲಿ ಇಡೀ ಸೆಟ್ 42ಕ್ಕಿಂತ ಕೆಳಗಿಳಿದರೆ ಅದು ಖಾಲಿ, ಇಲ್ಲವೇ ಸೋತಿದೆ. 24 ಸೆಲ್, ಒಂದಕ್ಕೆ 1.75 ವೋಲ್ಟಿನಂತೆ ಬರುವ ಲೆಕ್ಕ ಅದು. ಒಟ್ಟಿಗಿಂತ ಮುಖ್ಯವಾದದ್ದು ಬ್ಯಾಟರಿಗಳ ನಡುವಿನ ಅಂತರ. ಎಲ್ಲವೂ ಸಮಾನವಾಗಿ ಕುಸಿದರೆ ಚಾರ್ಜ್ ಸಾಲದು ಅಥವಾ ಸೆಟ್ಟಿಗೇ ವಯಸ್ಸಾಗಿದೆ. ಒಂದು ಮಾತ್ರ ಒಂದು ವೋಲ್ಟಿಗಿಂತ ಹೆಚ್ಚು ಹಿಂದೆ ಬಿದ್ದರೆ ಅದೇ ಕಳ್ಳ.

ಆ ಕಳ್ಳನ ಒಳಗೆ ಯಾವ ಸೆಲ್ ಎಂದು ತಿಳಿಯಲು ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬೇಕು. ತುಂಬಿದ ಬ್ಯಾಟರಿಯ ಆ್ಯಸಿಡ್ ಸಾಂದ್ರತೆ ತಯಾರಕರನ್ನು ನೋಡಿಕೊಂಡು 1.240ರಿಂದ 1.280ರವರೆಗೆ ಇರುತ್ತದೆ. ಸೆಲ್ಲಿನಿಂದ ಸೆಲ್ಲಿಗೆ 0.050ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಸಮೀಕರಣ ಚಾರ್ಜ್ (ಎಲ್ಲ ಸೆಲ್ಲುಗಳನ್ನೂ ಸಮಕ್ಕೆ ತರಲು ಬೇಕೆಂದೇ ಕೊಡುವ ಹೆಚ್ಚುವರಿ ಚಾರ್ಜ್) ಕೊಟ್ಟ ಮೇಲೂ ಅದು ಹೋಗದಿದ್ದರೆ, ಆ ಬ್ಯಾಟರಿಯ ಆಸೆ ಬಿಡಿ. ಹೊಸದಾಗಿ ನೀರು ಹಾಕಿದೊಡನೆ ಅಳೆಯಬೇಡಿ, ಮೇಲಿನ ನೀರು ಇನ್ನೂ ಬೆರೆತಿರುವುದಿಲ್ಲ.

ನೀರಿನ ವಿಷಯದಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಚಾರ್ಜಿಗೆ ಮೊದಲು ಕಂಠದವರೆಗೆ ತುಂಬುವುದು. ಚಾರ್ಜ್ ಆಗುವಾಗ ದ್ರವ ಉಬ್ಬಿ ಹೊರಚೆಲ್ಲುತ್ತದೆ, ಕೆಳಗಿನ ಕಬ್ಬಿಣದ ಟ್ರೇ ತಿಂದುಹೋಗುತ್ತದೆ. ಪ್ಲೇಟ್ ಮುಳುಗಿಲ್ಲದಿದ್ದರೆ ಮುಳುಗುವಷ್ಟು ಮಾತ್ರ ಹಾಕಿ, ಚಾರ್ಜ್ ಮುಗಿದ ಮೇಲೆ ಮಟ್ಟಕ್ಕೆ ತನ್ನಿ. ಎರಡು, ಬಾವಿಯ ನೀರು. “ನಮ್ಮ ಬಾವಿಯ ನೀರು ಶುದ್ಧ” ಎಂಬ ಅಭಿಮಾನ ಕುಡಿಯಲು ಸರಿ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರೇ ಬೇಕು.

ಒಂದು ಬ್ಯಾಟರಿ ಸತ್ತರೆ ಅದೊಂದನ್ನೇ ಬದಲಿಸಬಹುದೇ? ಸೆಟ್ಟಿಗೆ ಇನ್ನೂ ವರ್ಷ ತುಂಬಿಲ್ಲವಾದರೆ ಬದಲಿಸಿ. ಮೂರು ವರ್ಷದ ಸೆಟ್ಟಿನಲ್ಲಿ ಹೊಚ್ಚಹೊಸದೊಂದನ್ನು ಸೇರಿಸುವುದು ಮುದಿ ಎತ್ತಿನ ಜೊತೆ ಹೋರಿ ಕಟ್ಟಿದ ಹಾಗೆ, ಎರಡಕ್ಕೂ ಸುಖವಿಲ್ಲ. ಅದೇ ವಯಸ್ಸಿನ ಇನ್ನೊಂದು ಗಾಡಿಯ ಒಳ್ಳೆಯ ಬ್ಯಾಟರಿ ಸಿಕ್ಕರೆ ಅದನ್ನೇ ಹಾಕಿ ಕಾಲ ತಳ್ಳುತ್ತೇನೆ.

ಲಿಥಿಯಂ ಸೆಟ್ಟಿನ ಲೆಕ್ಕವೇ ಬೇರೆ. 16 ಸೆಲ್ಲುಗಳ 51.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಸೆಟ್, ಮುಕ್ಕಾಲು ಖಾಲಿಯಾದರೂ ಹೆಚ್ಚು ಕಡಿಮೆ ಅದೇ ವೋಲ್ಟೇಜ್ ತೋರುತ್ತದೆ. ಕೊನೆಗೆ ಒಳಗಿನ ಬಿಎಂಎಸ್, ಅಂದರೆ ಸೆಲ್ಲುಗಳನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್, ಮುನ್ಸೂಚನೆ ಕೊಡದೆ ವಿದ್ಯುತ್ ಕಡಿದುಬಿಡುತ್ತದೆ. ಗಾಡಿ ನಡುದಾರಿಯಲ್ಲಿ ದೀಪ ಆರಿದ ಹಾಗೆ ನಿಂತು, ಚಾರ್ಜರ್ ಸಿಕ್ಕಿಸಿದೊಡನೆ ಜೀವ ಬಂದರೆ ವೈರಿಂಗ್ ಬಿಚ್ಚಲು ಹೋಗಬೇಡಿ.

ಬಿಸಿಯಾದ ನಟ್ಟು

ಬ್ಯಾಟರಿ ಸರಿಯಿದ್ದೂ ಗಾಡಿ ಎಳೆಯದಿದ್ದರೆ ಜೋಡಣೆಗಳನ್ನು ನೋಡಿ. ಏರಿನಲ್ಲಿ 100 ಆಂಪಿಯರ್ ಹರಿಯುವುದು ದೊಡ್ಡ ಮಾತಲ್ಲ. ಒಂದು ಟರ್ಮಿನಲ್ ಸಡಿಲವಾಗಿ 0.01 ಓಮ್ ಅಡ್ಡಿ ಬಂದರೂ ಅಲ್ಲಿ ಒಂದು ವೋಲ್ಟ್ ನಷ್ಟ, 100 ವ್ಯಾಟ್ ಶಾಖ. ಹಳೆಯ ಕಾಲದ ಒಂದು ಬಲ್ಬನ್ನು ಆ ನಟ್ಟಿನ ಮೇಲೆ ಉರಿಸಿದ ಹಾಗೆ. ಸೀಸದ ಟರ್ಮಿನಲ್ ಕರಗಿ ಬಾಗಿದ್ದನ್ನು ನಾನು ಎರಡು ಸಲ ನೋಡಿದ್ದೇನೆ.

ಹುಡುಕುವ ಬಗೆ ಸರಳ. ಹತ್ತು ನಿಮಿಷ ಲೋಡ್ ಹಾಕಿ ಓಡಿಸಿ ಬಂದು, ಸ್ವಿಚ್ ಆರಿಸಿ, ಪ್ರತಿ ಲಗ್ಗಿನ (ಕೇಬಲ್ ತುದಿಯ ಲೋಹದ ಬಳೆ) ಹತ್ತಿರ ಕೈಯ ಹಿಂಬದಿ ತನ್ನಿ. ಮುಟ್ಟುವ ಮೊದಲೇ ಯಾವುದು ಬಿಸಿ ಎಂದು ತಿಳಿಯುತ್ತದೆ. ಇನ್ನೂ ಖಚಿತವಾಗಬೇಕಾದರೆ ಓಡುತ್ತಿರುವಾಗ ಮೀಟರಿನ ಒಂದು ಮೊನೆ ಬ್ಯಾಟರಿಯ ಕಂಬದ ಮೇಲೆ, ಇನ್ನೊಂದು ಅದೇ ಕೇಬಲಿನ ಆಚೆ ತುದಿಯಲ್ಲಿ. 0.2 ವೋಲ್ಟಿಗಿಂತ ಹೆಚ್ಚಾದರೆ ಆ ಕೇಬಲ್ ಬಿಚ್ಚಿ ನೋಡಿ. ಹೊರಗೆ ಹೊಳೆಯುವ ಲಗ್ಗಿನ ಒಳಗೆ ತಾಮ್ರ ಹಸಿರಾಗಿ ಪುಡಿಯಾಗಿರುವುದು ಮಳೆನಾಡಿನಲ್ಲಿ ದಿನದ ಮಾತು.

ಪೆಡಲ್ ತುಳಿದರೂ ಗಾಡಿ ಅಲುಗದಿದ್ದರೆ

ಕೀಲಿ ತಿರುಗಿಸಿ, ಮುಂದಕ್ಕೆ ಹಾಕಿ, ಪೆಡಲ್ ತುಳಿದು ಕಿವಿಗೊಡಿ. ಸೀಟಿನ ಕೆಳಗಿನಿಂದ “ಟಕ್” ಎಂದು ಸದ್ದು ಬರಬೇಕು. ಅದು ಸೊಲೆನಾಯ್ಡ್, ಬ್ಯಾಟರಿಯ ವಿದ್ಯುತ್ತನ್ನು ಕಂಟ್ರೋಲರಿಗೆ ಜೋಡಿಸುವ ದೊಡ್ಡ ವಿದ್ಯುತ್ಕಾಂತ ಸ್ವಿಚ್. ಇಡೀ ತನಿಖೆ ಈ ಟಕ್ಕಿನ ಮೇಲೆ ಎರಡಾಗಿ ಒಡೆಯುತ್ತದೆ.

ಸದ್ದಿಲ್ಲವೇ? ಮೊದಲು ನಾಚಿಕೆಯಾಗುವಂಥವನ್ನು ನೋಡಿ: ಸ್ವಿಚ್ ಟೋದಲ್ಲೇ ಉಳಿದಿದೆಯೇ, ಚಾರ್ಜರ್ ಪ್ಲಗ್ ಇನ್ನೂ ಸಿಕ್ಕಿಕೊಂಡಿದೆಯೇ? ಪ್ಲಗ್ ಇರುವಾಗ ಓಡದಂತೆ ಹಲವು ಗಾಡಿಗಳಲ್ಲಿ ತಡೆ ಇರುತ್ತದೆ. ಆಮೇಲೆ ಸೊಲೆನಾಯ್ಡಿನ ಎರಡು ಸಣ್ಣ ಟರ್ಮಿನಲ್‌ಗಳಿಗೆ ಮೀಟರ್ ಹಿಡಿದು ಪೆಡಲ್ ತುಳಿಸಿ. ವೋಲ್ಟೇಜ್ ಬಂದೂ ಸದ್ದಿಲ್ಲವೆಂದರೆ ಸುರುಳಿ ಸುಟ್ಟಿದೆ. ವೋಲ್ಟೇಜೇ ಬರದಿದ್ದರೆ ಹಿಂದಕ್ಕೆ ನಡೆಯಿರಿ: ಪೆಡಲಿನ ಮೈಕ್ರೋಸ್ವಿಚ್, ಮುಂದೆ–ಹಿಂದೆ ಸ್ವಿಚ್, ಕೀಲಿ, ಫ್ಯೂಸ್. ಎಲ್ಲಿಯವರೆಗೆ ವೋಲ್ಟೇಜ್ ಇದೆ, ಎಲ್ಲಿಂದ ಇಲ್ಲ ಎಂದು ನೋಡುತ್ತ ಹೋದರೆ ದೋಷ ಆ ಎರಡರ ನಡುವೆ ಸಿಕ್ಕಿಬೀಳುತ್ತದೆ. ಮೈಕ್ರೋಸ್ವಿಚ್ಚಿನಲ್ಲೇ ನನಗೆ ಹೆಚ್ಚು ಸಲ ಸಿಕ್ಕಿದೆ. ಪ್ರೆಷರ್ ಪಂಪಿನಿಂದ ಗಾಡಿ ತೊಳೆಯುವವರು ಪೆಡಲಿನ ಪೆಟ್ಟಿಗೆಗೇ ನೀರು ಹೊಡೆಯುತ್ತಾರೆ. ಒಮ್ಮೆ ಮಾತ್ರ ಎಲ್ಲ ಸ್ವಿಚ್ಚೂ ಸರಿಯಿದ್ದು, ಸೀಟಿನ ಅಡಿಯಲ್ಲಿ ಇಲಿ ಕಡಿದ ವೈರ್ ಸಿಕ್ಕಿತು. ಪಕ್ಕದಲ್ಲೇ ಅತಿಥಿಗಳ ಮಕ್ಕಳು ಬೀಳಿಸಿದ ಬಿಸ್ಕತ್ತಿನ ಚೂರುಗಳಿದ್ದವು.

ಸದ್ದು ಬಂದೂ ಗಾಡಿ ಹೋಗದಿದ್ದರೆ ಸೊಲೆನಾಯ್ಡಿನ ಎರಡು ದೊಡ್ಡ ಟರ್ಮಿನಲ್‌ಗಳ ಮೇಲೆ ಮೀಟರ್ ಇಡಿ. ಪೆಡಲ್ ತುಳಿದಾಗ ಹೆಚ್ಚು ಕಡಿಮೆ ಸೊನ್ನೆ ಬರಬೇಕು. ಬದಲಿಗೆ ಹತ್ತಾರು ವೋಲ್ಟ್ ಕಂಡರೆ ಒಳಗಿನ ತಾಮ್ರದ ಮುಖಗಳು ಸುಟ್ಟಿವೆ, ಸದ್ದು ಮಾತ್ರ ಉಳಿದಿದೆ. ಇಲ್ಲಿ ಹೊಸಬರು ಎಡವುವ ಒಂದು ಕಡೆ ಇದೆ. ಪೆಡಲ್ ತುಳಿಯುವ ಮೊದಲೇ ಸೊಲೆನಾಯ್ಡಿನ ಆಚೆ ಬದಿಯಲ್ಲಿ 40ಕ್ಕೂ ಹೆಚ್ಚು ವೋಲ್ಟ್ ಕಾಣುತ್ತದೆ, “ಕಾಂಟ್ಯಾಕ್ಟ್ ಅಂಟಿಕೊಂಡಿದೆ” ಎಂದು ತೀರ್ಮಾನಿಸಿಬಿಡುತ್ತಾರೆ. ದೊಡ್ಡ ಟರ್ಮಿನಲ್‌ಗಳ ನಡುವೆ ಒಂದು ಪುಟ್ಟ ರೆಸಿಸ್ಟರ್ ಕೂತಿರುತ್ತದೆ. ಕಂಟ್ರೋಲರಿನ ಕೆಪಾಸಿಟರುಗಳನ್ನು ಮೊದಲೇ ತುಂಬಿಸಿಡುವುದು ಅದರ ಕೆಲಸ, ಆ ವೋಲ್ಟೇಜ್ ಅದರದ್ದು. ಅದು ತುಂಡಾಗಿದ್ದರೆ ಪ್ರತಿ ಸಲ ಟಕ್ ಎನ್ನುವಾಗಲೂ ಕಿಡಿ ಹಾರಿ ಹೊಸ ಸೊಲೆನಾಯ್ಡೂ ಬೇಗ ಸುಡುತ್ತದೆ.

ಸೊಲೆನಾಯ್ಡ್ ಸರಿ, ಕಂಟ್ರೋಲರಿಗೆ ಪೂರ್ತಿ ವೋಲ್ಟೇಜ್ ಹೋಗುತ್ತಿದೆ, ಪೆಡಲಿನ ಸಂಕೇತವೂ ಬರುತ್ತಿದೆ, ಮೋಟರಿನ ತಂತಿಗಳು ತುಂಡಾಗಿಲ್ಲ, ಆದರೂ ಮೋಟರಿಗೆ ಏನೂ ಬರುತ್ತಿಲ್ಲ. ಆಗ, ಆಗ ಮಾತ್ರ, ಕಂಟ್ರೋಲರಿನ ಬೆಲೆ ವಿಚಾರಿಸಿ.

ಮೋಟರ್ ಗುಯ್ಯೆಂದು ತಿರುಗುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ ಎಂದಾದರೆ ವಿದ್ಯುತ್ತಿಗೂ ಇದಕ್ಕೂ ಸಂಬಂಧವಿಲ್ಲ. ಮೋಟರಿನ ಶಾಫ್ಟ್ ಆಕ್ಸಲಿಗೆ ಸೇರುವಲ್ಲಿನ ಹಲ್ಲುಗಳು ಸವೆದುಹೋಗಿವೆ.

ಕುಲುಕಾಟ ಮತ್ತು ಮಧ್ಯಾಹ್ನದ ಸೋಮಾರಿತನ

ಗಾಡಿ ಎತ್ತಿ ಹಾಕಿದಂತೆ ಕುಲುಕುತ್ತ ಹೋದರೆ ಪೆಡಲಿನ ಪೊಟೆನ್ಶಿಯೋಮೀಟರ್ (ಪೆಡಲ್ ಎಷ್ಟು ಒತ್ತಿದೆಯೆಂದು ಕಂಟ್ರೋಲರಿಗೆ ತಿಳಿಸುವ ರೆಸಿಸ್ಟರ್) ಸವೆದಿರಬಹುದು. ಹಲವು ಗಾಡಿಗಳಲ್ಲಿ ಅದು 0ಯಿಂದ 5,000 ಓಮ್‌ವರೆಗೆ ಹೋಗುತ್ತದೆ. ಪ್ಲಗ್ ಬಿಚ್ಚಿ, ಮೀಟರ್ ಹಿಡಿದು, ಪೆಡಲನ್ನು ತೀರಾ ನಿಧಾನವಾಗಿ ಒತ್ತಿ. ಅಂಕಿ ನಡುವೆ ಎಲ್ಲೂ ಜಿಗಿಯಬಾರದು. ಇದಕ್ಕೆ ಹಳೆಯ ಮುಳ್ಳಿನ ಮೀಟರ್ ಡಿಜಿಟಲ್‌ಗಿಂತ ಮೇಲು, ಮುಳ್ಳು ಬೆಚ್ಚಿಬೀಳುವುದು ಕಣ್ಣಿಗೆ ಕಾಣುತ್ತದೆ. ಪೆಡಲ್ ಸರಿಯಿದ್ದರೆ ಮೋಟರಿನ ತುದಿಯ ವೇಗದ ಸೆನ್ಸರ್ ನೋಡಿ. ಎಸಿ ಮೋಟರಿನ ಗಾಡಿಗಳಲ್ಲಿ ಆ ಸೆನ್ಸರಿನ ಪ್ಲಗ್ಗಿಗೆ ಕೆಸರು ಹೊಕ್ಕರೂ ಸಾಕು.

ಮಧ್ಯಾಹ್ನ ಏರಿನಲ್ಲಿ ಸೊರಗಿ, ಹತ್ತು ನಿಮಿಷ ಬಿಟ್ಟರೆ ಚೇತರಿಸಿಕೊಳ್ಳುವುದು ಸೋತ ಬ್ಯಾಟರಿಯ ಲಕ್ಷಣವೂ ಹೌದು, ಕಾದ ಕಂಟ್ರೋಲರಿನ ಲಕ್ಷಣವೂ ಹೌದು. ಸೊರಗಿದ ಗಳಿಗೆಯಲ್ಲೇ ವೋಲ್ಟೇಜ್ ನೋಡಿ. ಬಿದ್ದಿದ್ದರೆ ಬ್ಯಾಟರಿ. 47ರಲ್ಲೇ ನಿಂತಿದ್ದೂ ಗಾಡಿ ತೆವಳುತ್ತಿದ್ದರೆ ಕಂಟ್ರೋಲರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಅದರ ಬೆನ್ನಿನ ಅಲ್ಯೂಮಿನಿಯಂ ರೆಕ್ಕೆಗಳಲ್ಲಿ ಒಣಗಿದ ಕೆಸರು ತುಂಬಿರುತ್ತದೆ, ಕೆರೆದು ತೆಗೆಯಿರಿ.

ಎಲ್ಲ ತಪ್ಪನ್ನೂ ಬ್ಯಾಟರಿಯ ಮೇಲೆ ಹಾಕುವ ಮೊದಲು

ಸಮತಟ್ಟು ನೆಲದಲ್ಲಿ ಸ್ವಿಚ್ ಟೋಗೆ ಹಾಕಿ ಗಾಡಿಯನ್ನು ತಳ್ಳಿ ನೋಡಿ. ರನ್‌ನಲ್ಲಿಟ್ಟು ತಳ್ಳಿದರೆ ಮೋಟರೇ ತಡೆಯಬಹುದು, ಅದು ಪರೀಕ್ಷೆಯಾಗದು. ಖಾಲಿ ನಾಲ್ಕು ಸೀಟಿನ ಗಾಡಿಯನ್ನು ಒಬ್ಬರೇ ತಳ್ಳುವಂತಿರಬೇಕು. ಆಗದಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಮಳೆಗಾಲದಲ್ಲಿ ಒಂದು ವಾರ ಪಾರ್ಕಿಂಗ್ ಬ್ರೇಕ್ ಎಳೆದು ನಿಲ್ಲಿಸಿದ ಗಾಡಿಯ ಕೇಬಲ್ ಹೊದಿಕೆಯೊಳಗೆ ತುಕ್ಕು ಹಿಡಿದು ಹಿಂದಕ್ಕೆ ಬರುವುದೇ ಇಲ್ಲ. ಹತ್ತು ನಿಮಿಷ ಓಡಿಸಿ ಎರಡೂ ಡ್ರಮ್ ಹತ್ತಿರ ಕೈ ತನ್ನಿ. ಒಂದು ಸುಡುತ್ತಿದ್ದರೆ ಆ ಬದಿಯ ಶೂ, ಸ್ಪ್ರಿಂಗ್, ಕೇಬಲ್ ನೋಡಿ. ಬ್ರೇಕ್ ಹಿಡಿದುಕೊಂಡ ಗಾಡಿಗೆ ಹೊಸ ಬ್ಯಾಟರಿ ಸೆಟ್ ಹಾಕಿಸಿ, “ಇನ್ನೂ ಮೈಲೇಜ್ ಬರುತ್ತಿಲ್ಲ” ಎಂದು ಕೊರಗಿದವರನ್ನು ಕಂಡಿದ್ದೇನೆ.

ಟೈರಿನ ಗಾಳಿಯೂ ಅಷ್ಟೇ. ಈ ಅಗಲ ಟೈರುಗಳಿಗೆ ಸಾಮಾನ್ಯವಾಗಿ 20 ಪಿಎಸ್‌ಐ ಆಸುಪಾಸು ಬೇಕು, ಪಕ್ಕದ ಗೋಡೆಯ ಮೇಲೆ ಮಿತಿ ಬರೆದಿರುತ್ತದೆ. ಮುಂದಿನ ಟೈರಿನ ಒಂದೇ ಅಂಚು ಸವೆಯುತ್ತಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಅಥವಾ ಬುಶ್ ಸಡಿಲಾಗಿದೆ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಗೊತ್ತಾಗುತ್ತದೆ. ಗೊರಗೊರ ಸದ್ದು ವೇಗದ ಜೊತೆ ಏರಿದರೆ ಬೇರಿಂಗ್.

ಚಾರ್ಜರ್ ಮೌನವಾಗಿದ್ದರೆ

ಸಾಕೆಟ್ಟಿನಲ್ಲಿ ವಿದ್ಯುತ್ ಇದೆಯೇ ಎಂದು ಬೇರೆ ದೀಪ ಹಾಕಿ ನೋಡಿ. ಇದೆಯಾದರೆ ಬ್ಯಾಟರಿಯ ವೋಲ್ಟೇಜ್ ನೋಡಿ. ಸೆಟ್ ತೀರಾ ಕೆಳಗಿಳಿದಿದ್ದರೆ ಸ್ವಯಂಚಾಲಿತ ಚಾರ್ಜರ್ ಅಲ್ಲಿ ಬ್ಯಾಟರಿಯೇ ಇಲ್ಲವೆಂದುಕೊಂಡು ಸುಮ್ಮನಿರುತ್ತದೆ. ಒಂದೊಂದೇ ಬ್ಯಾಟರಿಗೆ ಅದರ ವೋಲ್ಟೇಜಿಗೆ ಹೊಂದುವ ಸಣ್ಣ ಚಾರ್ಜರಿನಿಂದ ಸ್ವಲ್ಪ ಹೊತ್ತು ಜೀವ ಕೊಟ್ಟರೆ ದೊಡ್ಡದು ಎದ್ದು ಕೂರುತ್ತದೆ. ಚಾರ್ಜರ್ ಹಾಡುತ್ತಿದೆ, ಬೆಳಗ್ಗೆ ಗಾಡಿಯಲ್ಲಿ ಶಕ್ತಿಯಿಲ್ಲ ಎಂದರೆ ರಾತ್ರಿ ಎಷ್ಟು ಗಂಟೆ ವಿದ್ಯುತ್ ಇತ್ತೆಂದು ಕಾವಲುಗಾರರನ್ನು ಕೇಳಿ. ತೆಳುವಾದ ಎಕ್ಸ್‌ಟೆನ್ಷನ್ ವೈರನ್ನು ಸುರುಳಿ ಸುತ್ತಿಟ್ಟು ಚಾರ್ಜ್ ಮಾಡುವ ಅಭ್ಯಾಸವಿದ್ದರೆ ಆ ಸುರುಳಿಯನ್ನು ಮುಟ್ಟಿ ನೋಡಿ, ಬೆಚ್ಚಗಿರುತ್ತದೆ.

ದುರಸ್ತಿ ಮುಗಿದು ಗಾಡಿ ಹೊರಟ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಸೀಸ ಮೆದು ಲೋಹ, ಬಿಗಿದ ನಟ್ಟಿನ ಕೆಳಗೆ ಮೆಲ್ಲನೆ ಕುಸಿಯುತ್ತದೆ. ಒಂದು ವಾರ ಓಡಿದ ಮೇಲೆ ಗಾಡಿಯನ್ನು ಮತ್ತೆ ಕರೆಸಿ ಎಲ್ಲ ಟರ್ಮಿನಲ್‌ಗಳಿಗೂ ಸ್ಪಾನರ್ ಹಾಕಿ, ತಯಾರಕರು ಹೇಳಿದಷ್ಟೇ ಬಿಗಿಯಿರಿ. ನಮ್ಮ ಗಾಡಿಗಳಲ್ಲಿ ಪ್ರತಿ ಸಲವೂ ಒಂದೆರಡು ನಟ್ಟುಗಳಾದರೂ ಕಾಲು ಸುತ್ತು ತಿರುಗುತ್ತವೆ.